ಗೂಡ್ಸ್ ಎಂಜಿನ್ನಿನ ಹೊಟ್ಟೆಯೊಳಗೆ

ಹಾಂ ಹಾಂ, ಇಲ್ಲೇ ಇದೀನಿ, ಎಲ್ಲಿಗೆ ಹೋಗ್ಲಿ? ಬಗ್ಗು... ಇನ್ನೂ ಸ್ವಲ್ಪ ಬಗ್ಗು. ಫೈರ್‌ಬಾಕ್ಸ್ ಬಾಗಿಲು ತೆಗೆದೇ ಇದೆ. ಕಾಣಿಸ್ತಾ? ಒಂದು ಕಾಲದಲ್ಲಿ ಈ ಕಿಂಡೀಲಿ ಇಣುಕಿದ್ರೆ ಕಣ್ಣು ಕುಕ್ಕೋ ಬೆಂಕಿ ಕಾಣೋದು, ಈಗ ನನ್ನ ಬೋಳುತಲೆ ಕಾಣುತ್ತೆ! ಯಾಕಪ್ಪ ನಗ್ತಿದೀಯ? ನಗು, ನಗು. ಆದ್ರೆ ಆ ಗ್ಯಾಸ್ ಕಟರ್ ಹಚ್ಚಿದ್ಯೋ, ಹುಷಾರ್! ಒಳಗೆ ಮನುಷ್ಯ ಕೂತಿದಾನೆ. ನಾನಿಲ್ಲಿರೋ ತನಕ ಈ ಎಂಜಿನ್ನನ್ನ ಗುಜರಿಗೆ ಕೊಯ್ಯೋಕೆ ಯಾರ ಕೈಲೂ ಆಗಲ್ಲ. ಇದು ಸತ್ಯಾಗ್ರಹ ಕಣಯ್ಯ. ಹೋಗಿ ಹೇಳು ನಿಮ್ಮ ಸುಧೀಂದ್ರ ಸಾರ್‌ಗೆ. ಜಾಗ ಅವರದೇ ಇರಬಹುದು, ಅಪಾರ್ಟ್‌ಮೆಂಟೂ ಅವರೇ ಕಟ್ಕೊಳ್ಳಲಿ. ಎಂಜಿನ್ ಮುಟ್ಟೋ ಹಾಗಿಲ್ಲ!

ಏನು ಹೆಸರಂದೆ? ರೇವಣಸಿದ್ದ. ಯಾವೂರು? ಓಹೋ, ಕೊಪ್ಪಳದ ಕಡೆ... ಅದಕ್ಕೇ ಬಂದಾಗಿಂದ ‘ಯಜ್ಜಾ, ಯಜ್ಜಾ’ ಅಂತಿದೀಯ. ನಾನು ಪುರುಷೋತ್ತಮ ಕಣಪ್ಪ. ಲೋಕೋ ಶೆಡ್‌ನಲ್ಲಿ ಎಲ್ಲರೂ ‘ಬಾಯ್ಲರ್ ಪುರುಷೋತ್ತಮ’ ಅಂತಿದ್ರು. ಡ್ರೈವರ್ ಅಲ್ಲ, ಫೈರ್‌ಮನ್ನೂ ಅಲ್ಲ. ಎಂಜಿನ್ ಹೊಟ್ಟೆಯೊಳಗೆ ತೂರಿ, ಸೋರೋ ಕೊಳವೆಗಳನ್ನ ಬಡಿದು ಸರಿ ಮಾಡೋನು. ಹೂಂ, ಇದೇ ಕಿಂಡೀಲಿ! ಇನ್ನೆಲ್ಲಿಂದ? ಎರಡೂ ಕೈ ಮುಂದಕ್ಕೆ ಚಾಚಿ, ಎದೇಲಿರೋ ಉಸಿರೆಲ್ಲ ಹೊರಗೆ ಬಿಟ್ಟು, ಓರೆಯಾಗಿ ಜಾರಬೇಕು. ಆಗ ನಾನು ಹೇಗಿದ್ದೆ ಗೊತ್ತಾ? ಕಡ್ಡಿ! ಸುಯ್ ಅಂತ ಒಳಗೆ, ಸುಯ್ ಅಂತ ಹೊರಗೆ.

ಇದು ಗೂಡ್ಸ್ ಎಂಜಿನ್ನು, ತಿಳ್ಕೋ. ಪ್ಯಾಸೆಂಜರ್ ಎಂಜಿನ್ನಿಗೆ ಹಾರ ಹಾಕೋರು, ಕೈ ಬೀಸೋರು. ಇದಕ್ಕೆ ಯಾರು ಕೈ ಬೀಸ್ತಾರೆ? ಗೊಬ್ಬರ, ಸಿಮೆಂಟು, ಸಕ್ಕರೆ, ಕಲ್ಲಿದ್ದಲು... ಹಿಂದೆ ಏನು ಕಟ್ಟಿದ್ರೂ ಎಳೆಯೋದು, ಬೈಸ್ಕೊಳ್ಳೋದು. ಪಕ್ಕದ ಲೂಪ್ ಲೈನಿಗೆ ತಳ್ಳಿ ಗಂಟೆಗಟ್ಲೆ ನಿಲ್ಸೋರು, ಮೈಸೂರು ಪ್ಯಾಸೆಂಜರ್ ಮುಂದೆ ಹೋಗ್ಲಿ ಅಂತ. ಹೆಜ್ಜಾಲ ದಾಟಿ ಏರು ಬಂದ್ರೆ ಏದುಸಿರು ಬಿಡೋದು. ರಿಪೇರಿಗೆ ಬಂದ್ರೂ ಅಷ್ಟೇ. ಪ್ಯಾಸೆಂಜರ್ ಎಂಜಿನ್ ಆದ್ರೆ ಆರೋ ತನಕ ಕಾಯೋರು. ಗೂಡ್ಸ್‌ಗೆ ಯಾರು ಕಾಯ್ತಾರೆ? ಬೆಂಕಿ ಆರಿಸಿದ ಬೆಳಗ್ಗೆಯೇ, ಒದ್ದೆ ಗೋಣೀತಾಟು ಸುತ್ಕೊಂಡು ಇಳೀಬೇಕು. ನೆತ್ತಿ ಸುಡೋದು, ಮಂಡಿ ಸುಡೋದು... ಆಹಾ, ಏನು ದಿನಗಳು! ಮತ್ಯಾಕೋ ನಕ್ಕೆ? ಸುಟ್ಕೊಂಡಿದ್ದಕ್ಕೆ ಆಹಾ ಅಂದೆ ಅಂತಾನಾ? ನಿಂಗರ್ಥ ಆಗಲ್ಲ ಬಿಡು.

ಏನದು... ಫೋನಾ? ನನ್ನ ಅಂಗಿ ಜೇಬಲ್ಲಿದೆ, ಅಲ್ಲೇ ಹ್ಯಾಂಡಲ್‌ಗೆ ತಗುಲಿಸಿದೀನಲ್ಲ. ಎತ್ತಬೇಡ! ಜಗದಾಂಬಾ ಅದು, ನನ್ನ ಹೆಂಡ್ತಿ. ಸ್ಯಾಟಲೈಟ್ ಟೌನ್‌ನಿಂದ ಇಲ್ಲಿಗೆ ಆಟೋ ಹಿಡಿದು ಬಂದ್ಬಿಡ್ತಾಳೆ ಮಾರಾಯ. ಊಟಕ್ಕೆ ಬರ್ತೀನಿ ಅಂದಿದ್ದೆ, ಹುಳಿ ಆರೋಗುತ್ತೆ ಅಂತ ಅವಳ ಸಿಟ್ಟು. ಆಂ? ಸತ್ಯಾಗ್ರಹಕ್ಕೆ ಬಂದೋನು ಊಟಕ್ಕೆ ಬರ್ತೀನಿ ಅಂತ ಯಾಕೆ ಹೇಳಿ ಬಂದೆ ಅಂತೀಯಾ? ಅದು... ಹೆಂಗಸರಿಗೆ ಎಲ್ಲಾ ಹೇಳೋಕಾಗುತ್ತೇನಯ್ಯ? ಅಂಗಿ ಬಿಚ್ಚಿದ್ದು ಸೆಖೆಗೆ. ಏಪ್ರಿಲ್ ಬಿಸಿಲು, ಸುತ್ತ ಕಬ್ಬಿಣ, ಬೇಯ್ತಿದೀನಿ ಇಲ್ಲಿ. ನೀರು ಕೊಡು ಒಂಚೂರು... ಹಾಂ, ಬಾಟಲಿ ಎಸಿ, ಸಾಕು. ಕೈ ಚಾಚಬೇಡ, ಎಸಿ. ಆಮೇಲೆ... ನಿನ್ನ ಹತ್ರ ಗ್ರೀಸ್ ಇದ್ಯಾ? ಎಣ್ಣೆ ಆದ್ರೂ ಪರವಾಗಿಲ್ಲ. ಸುಮ್ನೆ ಕೇಳ್ದೆ. ಬೇಡ ಬಿಡು.

ಇಲ್ಲಿಗೆ ಹೇಗೆ ಬಂತು ಅಂತಾನಾ? ಹಬೆ ಎಂಜಿನ್ ನಿಂತ ಮೇಲೆ ಇದರ ಜೊತೆಯವೆಲ್ಲ ತೂಕಕ್ಕೆ ಹೋದ್ವು. ಇದೊಂದನ್ನ ಇಲ್ಲಿದ್ದ ಹೋಟೆಲ್‌ನೋರು ತಂದು ಪೀಠದ ಮೇಲೆ ಕೂರಿಸಿದ್ರು. ಮೈಸೂರು ರೋಡಲ್ಲಿ ಹೋಗೋರೆಲ್ಲ ಕೆಂಗೇರಿ ಬಂತು ಅಂದ್ರೆ ‘ಎಂಜಿನ್ ಹೋಟ್ಲು ಬಂತು’ ಅನ್ನೋರು. ನಾನು ರಿಟೈರಾಗಿ ಸೀದಾ ಇಲ್ಲಿಗೆ ಬಂದೆ, ಇದನ್ನ ಒರೆಸೋಕೆ, ಬಣ್ಣ ಹಚ್ಚೋಕೆ. ಮಕ್ಕಳು ಹತ್ತಿ ‘ಕೂ’ ಅಂತ ಕೂಗೋವು, ಅಪ್ಪಂದಿರು ಫೋಟೋ ಹಿಡಿಯೋರು. ನಂಗೆ ದಿನಾ ಇಡ್ಲಿ-ವಡೆ ಪುಕ್ಕಟೆ. ಆ ವಡೇನೇ ಕಣಪ್ಪ... ಹೋಗ್ಲಿ ಬಿಡು. ಹೋಟ್ಲು ಮುಚ್ಚಿತು, ಜಾಗ ನಿಮ್ಮ ಸಾರ್ ಕೈಗೆ ಬಂತು, ನೀನು ಸಿಲಿಂಡರ್ ಹೊತ್ಕೊಂಡು ಬಂದೆ.

ಯಾರು? ಸುಧೀಂದ್ರ ಸಾರಾ? ಸ್ಪೀಕರ್‌ಗೆ ಹಾಕು, ನಾನೂ ಕೇಳಿಸ್ಕೋತೀನಿ. ಶ್... ಏನಂದ್ರು? ರಸ್ತೇಲಿ ಹೋಗೋರು ಯಾರೋ ಕಿಂಡೀಲಿ ನನ್ನ ವಿಡಿಯೋ ಮಾಡಿ ಬಿಟ್ಟಿದಾರಾ? ನಂದಾ? ಅಂಗಿ ಇಲ್ದೆ?... ಹಳೇ ಎಂಜಿನ್ ಜೋಪಾನ ಮಾಡೋ ಸಂಘ... ಅವರು ತಗೊಂಡು ಹೋಗ್ತಾರಂತಾ? ಏನು? ಇನ್ನೊಂದ್ಸಲ ಹೇಳೋಕೆ ಹೇಳು. ಬಾಯ್ಲರ್ ಇಡಿಯಾಗಿದ್ರೆ ಮತ್ತೆ ಬೆಂಕಿ ಹಾಕಿ... ಓಡಿಸ್ತಾರಂತಾ! ರೇವಣಸಿದ್ದ, ಕೇಳಿಸ್ತೇನೋ? ಓಡುತ್ತಂತೆ ಕಣೋ ಇದು! ಒಂದು ಕೊಯ್ತಾನೂ ಬಿದ್ದಿರಬಾರದು, ಬಿದ್ದಿದ್ರೆ ಅವರಿಗೆ ಬೇಡ, ಸಂಜೆ ಬಂದು ನೋಡ್ತಾರೆ, ಅಷ್ಟೇ ತಾನೇ? ಬರ್ಲಿ! ನಾನು ಬಣ್ಣ ಹಚ್ಚಿದ ಬಾಯ್ಲರ್ರು, ಒಂದು ಗೀರು ತೋರಿಸ್ಲಿ ನೋಡೋಣ! ಅಯ್ಯೋ... ಅಳ್ತಿಲ್ಲ ಕಣಯ್ಯ, ಮಸಿ ಹೋಯ್ತು ಕಣ್ಣಿಗೆ. ಅಳ್ತಿದೀನಿ, ಅತ್ರೆ ಏನೀಗ? ಗೆದ್ದಿದೀನಿ, ಅಳ್ತೀನಿ.

ಬರ್ತೀನಿ, ಬರ್ತೀನಿ. ಏನವಸರ? ಮಂಡಿ ಜೋಮು ಹಿಡಿದಿದೆ. ನೀನು ಹೋಗಿ ಟೀ ಕುಡ್ಕೊಂಡು ಬಾ.

ಇಲ್ಲ, ಈಗ ಬರಲ್ಲ. ಬಾಯಿಮಾತಿಗೆ ಏನು ಬೆಲೆ? ಸಂಘದೋರು ಬರ್ಲಿ, ಕಣ್ಣಾರೆ ನೋಡ್ತೀನಿ. ಆಮೇಲೆ ಇದಕ್ಕೊಂದು ಸೂರು ಹಾಕ್ಸಬೇಕು, ಮಳೇಲಿ ನೆನೀಬಾರದು. ಹೌದು, ಹೊಸ ಬೇಡಿಕೆ! ಈಗ ಹೊಳೀತು. ಸೂರೂ ಹಾಕ್ತಾರಂತಾ? ಹಂಗಾದ್ರೆ... ಹಂಗಾದ್ರೆ ಅದರ ಹೆಸರು ಬರೆದ ಬೋರ್ಡು... ನೀನು ಯಾಕೆ ಟಾರ್ಚ್ ಹಾಕ್ತಿದೀಯ? ಆರಿಸು. ಆರಿಸು ಅಂದ್ನಲ್ಲ! ಪಕ್ಕೆ ಕೆರೆದಿರೋದು ಕೊಳವೆ ತಗುಲಿ. ರಕ್ತ ಅಲ್ಲ, ತುಕ್ಕು.



ಗೇಣು ಹಾಕಿ ಕಿಂಡಿ ಯಾಕೆ ಅಳೀತಿದೀಯ? ಬಿಡು ಅದನ್ನ... ರೇವಣಸಿದ್ದ? ನಗೋ. ಆಗ್ಲೇ ಅಷ್ಟೊಂದು ನಗ್ತಿದ್ದೆ, ಈಗೇನಾಯ್ತು? ಹಂಗೆ ನೋಡಬೇಡ ಮಾರಾಯ.

...

ಹೂಂ. ಹೊರಗೆ ಬರೋಕೆ ಆಗ್ತಿಲ್ಲ. ಬೆಳಗ್ಗೆಯಿಂದ ನೋಡ್ತಿದೀನಿ. ತಲೆ ಬರುತ್ತೆ, ಭುಜ ಬರುತ್ತೆ, ಎದೆ ಹತ್ರ ಕಚ್ಕೊಳ್ಳುತ್ತೆ. ಒಳಗೆ ಬರೋವಾಗ ಹೆಂಗೋ ಜಾರಿದೆ. ಕೆಳಗಿನ ಬೂದಿ ಪೆಟ್ಟಿಗೆಯಿಂದ ಬರೋಣ ಅಂದ್ರೆ, ಪೀಠ ಕಟ್ಟೋವಾಗ ಗಟ್ಟಿಯಾಗಿರ್ಲಿ ಅಂತ ಅದಕ್ಕೆ ಕಾಂಕ್ರೀಟ್ ತುಂಬಿಸಿದೋನು ನಾನೇ.

ಸತ್ಯಾಗ್ರಹ ಗಿತ್ಯಾಗ್ರಹ ಏನಿಲ್ಲ ಕಣಪ್ಪ. ಇವತ್ತು ಕೊಯ್ತಾರೆ ಅಂತ ಗೊತ್ತಾಗಿ, ಕೊನೇ ಸಲ ಒಳಗೆ ಕೂತು ಬರೋಣ ಅಂತ ಇಳಿದೆ. ಅಷ್ಟೇ. ಬಂದು, ಒಂದ್ಸಲ ಸವರಿ, ಮನೆಗೆ ಹೋಗಿ ಉಣ್ಣೋನಿದ್ದೆ. ನೀನು ಕೊಯ್ತಿದ್ರೆ ಬೇಡ ಅಂತ ಒಂದು ಮಾತೂ ಆಡ್ತಿರ್ಲಿಲ್ಲ. ನಾಚಿಕೆ ಆಯ್ತು, ಅದಕ್ಕೇ ದೊಡ್ಡ ಮಾತೆಲ್ಲ ಆಡ್ದೆ. ಸಿಕ್ಕಾಕೊಂಡಿದ್ದಕ್ಕೆ ಇದು ಉಳೀತು, ನೋಡು.

ಫೈರ್ ಎಂಜಿನ್‌ನೋರಾ? ಅವರು ಬಂದ್ರೂ ಈ ಬಾಯ್ಲರ್ ಕೊಯ್ಯೋದೇ. ಸಂಘದೋರು ಬರೋ ತನಕ ತಡೀತೀನಿ ಅಂದ್ಕೊಂಡೆ, ಆಗಲ್ಲ... ಉಸಿರು ಕಟ್ತಿದೆ ಕಣೋ. ಸಂಜೆ ಆದ್ರೂ ಈ ಕಿಂಡಿ ಅಷ್ಟೇ ಇರುತ್ತೆ, ನಾನೂ ಇಷ್ಟೇ ಇರ್ತೀನಿ.

ಗೋಣೀಚೀಲ ಒದ್ದೆ ಮಾಡಿ ಒಳಗೆ ತಳ್ಳು, ಹೊದ್ದುಕೋತೀನಿ. ಬಾಗಿಲ ಬಲಗಡೆ ಒಂದು ತೇಪೆ ಕಾಣುತ್ತೆ, ಕೈಯಾಡಿಸು... ಸಿಕ್ತಾ? ಅದು ನಾನೇ ಹಾಕಿದ್ದು. ಎರಡು ತಗಡು ಇದೆ, ಎರಡೂ ಕೊಯ್ಯಬೇಕು. ಮೊದಲು ನನ್ನ ತೇಪೆ ಕೊಯ್ಯಪ್ಪ, ಆಮೇಲೆ ಅದರ ಮೈಗೆ ಹೋಗು.