ಚೊಚ್ಚಲ ಹೆರಿಗೆಯ ಊರು

...ಚಹಾ ಆರಾಕತ್ತೈತಿ, ಕುಡಿ ಅಂದ್ನಿ. ಬ್ಯಾಡಾ? ಬ್ಯಾಡಾದ್ರ ಬಿಡು. ಕೈ ಮುಗದು ಕುಡಸಾಕ ನೀವೇನು ಹೊಸಾ ಬೀಗರಲ್ಲ. ಬೀಗರು ಆಗೂದೂ ಇಲ್ಲ. ಅದನ್ನ ಹೇಳಾಕ ಹೋಟಗಿಯಿಂದ ಇಲ್ಲೀತನಕ ಕರಸೀನಿ.

ಕೂಡು. ಸಿಮೆಂಟ್ ಚೀಲದ ಮ್ಯಾಲ ಅಲ್ಲ, ಕುರ್ಚಿ ಮ್ಯಾಲ ಕೂಡು. ಅಂಗಡಿಗೆ ಬಂದವರು ಏನ ತಿಳಕೋಬೇಕು.

ಇದನ್ನ ಓದು. ಮರಾಠಿ ನನಗಿಂತ ನಿನಗ ಛಲೋ ಬರತೈತಿ. ಓದವಲ್ಲಿ? ನಾನ ಹೇಳತೀನಿ. ‘ಹೋಟಗಿಯ ಪ್ರಣಿತಾ ಅಮೋಲ ಕಲಶೆಟ್ಟಿ ಇವರು ನಿಮ್ಮ ಹೆಸರಿನ್ಯಾಗ ನೋಂದ ಆದ ಎಲ್ಲಾ ಜನನ-ಮರಣದ ಮಾಹಿತಿ ಕೇಳ್ಯಾರ. ಕೊಡಾಕ ನಿಮ್ಮದೇನರ ಹರಕತ, ತಕರಾರು ಇದ್ರ ಬರದು ತಿಳಸ್ರಿ.’ ಮಾಹಿತಿ ಅಧಿಕಾರ. ಖಾಸಾ ನನ್ನ ಹೆಂಡತಿ ತಮ್ಮನ ಮಗಳು, ಈ ಸಾತಲಿಂಗಪ್ಪನ ಮನ್ಯಾಗ ಯಾರ ಹುಟ್ಯಾರ, ಯಾರ ಸತ್ತಾರ ಅಂತ ಸರಕಾರಕ್ಕ ಕೇಳತಾಳ. ಪೋಸ್ಟಮನ್ ಇದನ್ನ ಗಿರಾಕಿ ಮುಂದ ಕೊಟ್ಟ ಹೋದ. ಗಿರಾಕಿ ಮುಂದ ನಾ ಇದನ್ನ ಒಡದೆ.

ನಿನ್ನ ಹೆಸರು ನನಗ ತಿಳ್ಯಾಂಗಿಲ್ಲ ಅಂತ ಮಾಡಿದ್ಯಾ? ಯಾರದರ ಮಾಹಿತಿ ಕೇಳಿದ್ರ ಅವರಿಗೆ ನೋಟೀಸ ಕಳಸ್ತಾರ. ಅದು ಕಾಯ್ದೆ. ಕಲತ ಹುಡುಗಿ, ಅಷ್ಟೂ ಗೊತ್ತಿರಲಿಲ್ಲಾ?

ಗೊತ್ತಿತ್ತಾ.

ಗೊತ್ತಿದ್ದೂ ಹಾಕಿದಿ. ಅಂದ್ರ ನನಗ ಮುಟ್ಟಲಿ ಅಂತನ ಹಾಕಿದಿ.

ನನ್ನ ಕೇಳಿದ್ರ ಹೇಳತಿದ್ದೆ. ನನಗ ಇಬ್ಬರು ಮಕ್ಕಳು. ದೊಡ್ಡಾಕಿನ್ನ ಲಾತೂರಿಗೆ ಕೊಟ್ಟೀವಿ. ನಿಲೇಶ ಮನ್ಯಾಗ ಅದಾನ. ಮುಗೀತು. ಇದಕ್ಕ ಅರ್ಜಿ ಯಾಕ, ಸ್ಟ್ಯಾಂಪ್ ಯಾಕ? ...ಯಾಕ ನಗತಿ?

ನಗಬ್ಯಾಡ. ಬಂದಾಗಿಂದ ನೋಡಾಕತ್ತೀನಿ, ಒಮ್ಮೆರ ‘ಮಾಮಾ’ ಅಂದಿಲ್ಲ ನೀ. ಹೊಸ್ತಿಲಾ ದಾಟೂದ್ರಾಗ ಹತ್ತು ಸಲ ಅಂತಿದ್ದಿ. ಇವತ್ತ ಬರೇ ‘ಹೂಂ’, ‘ಊಹೂಂ’.

ಇದನ್ನ ನಿನಗ ಯಾರ ಕಲಿಸ್ಯಾರ? ಅಂಬಾದಾಸ? ಖರೇ ಹೇಳು. ಆ ಮನಶಾ ನನ್ನ ಕುರ್ಚಿ ಮ್ಯಾಲ ಕಣ್ಣಿಟ್ಟಿದ್ದು ಇವತ್ತ ನಿನ್ನೆ ಅಲ್ಲ. ನಾ ಮೊದಲನೇ ಸಲ ಆರಿಸಿ ಬಂದು ನಗರಸೇವಕ ಆದಾಗಿಂದ ಬೆನ್ನ ಹತ್ಯಾನ. ಮೂರನೇ ಕೂಸು ಹುಟ್ಟಿದ್ರ ಮೆಂಬರಗಿರಿ ಹೋಗತೈತಿ ಅನ್ನೂ ಕಾಯ್ದೆ ಬಂತು ನೋಡು, ಆಗ ಅಂವ ನಮ್ಮ ಮನಿ ಮುಂದ ಅಡ್ಡಾಡತಿದ್ದ, ಹಗ್ಗದ ಮ್ಯಾಲ ಕೂಸಿನ ಅರಿವಿ ಒಣಗ್ಯಾವೇನು ಅಂತ ನೋಡಕೋತ. ಒಣಗಿದ್ದಿಲ್ಲ. ಒಂದು ಕುಂಚಗಿ ಸೈತ ಅವನ ಕಣ್ಣಿಗೆ ಬೀಳಲಿಲ್ಲ. ಹೋಗಿ ಕೇಳು ಬೇಕಾದ್ರ.

ಅಂಬಾದಾಸ ಅಲ್ಲಾ? ಮತ್ಯಾರು?

ನಾನಾ? ನಾ ಏನ ಕಲಿಸೀನಿ?

ಓ, ಆ ಮಾತು. ಅದನ್ನ ಇನ್ನೂ ಹಿಡಕೊಂಡ ಕೂತಿ. ಕೇಳು ಪ್ರಣಿತಾ, ಅವತ್ತ ನಿಮ್ಮ ಮನ್ಯಾಗ ಏನಾತು ಅನ್ನೂದು ನೀನೂ ನೋಡಿದಿ. ನಮ್ಮವ್ವ ನನ್ನ ಕೇಳದನ ಸೀರಿ, ಕುಬಸ, ತೆಂಗಿನಕಾಯಿ ತಗೊಂಡು ಬಂದ ಕೂತಳು. ‘ಸೋದರ ಸಂಬಂಧ, ಹೊರಗಿನವರಿಗೆ ಯಾಕ ಕೊಡೂದು, ನಿಲೇಶಗ ಇಕಿನ್ನ ತಗೊಳ್ಳೂದು’ ಅಂದಳು. ನಾ ಜಾತಕ ನೋಡೂಣು ಅಂದೆ. ಸೋದರದಾಗ ಜಾತಕ ನೋಡೂ ಪದ್ಧತಿ ಇಲ್ಲ ಅಂದಳು. ರಕ್ತಸಂಬಂಧ, ಮಕ್ಕಳಿಗೆ ಕಾಯಿಲೆ ಬರತಾವ ಅಂತ ಡಾಕ್ಟರ ಹೇಳ್ತಾರ ಅಂದೆ. ‘ನಾ ಖಾಸಾ ಸೋದರಮಾವನ್ನ ಲಗ್ನ ಆಗೀನಿ, ನಿನಗೇನ ಆಗೇತಿ?’ ಅಂತ ಎಲ್ಲಾರೂ ನಗೂಹಂಗ ಕೇಳಿದಳು. ಹುಡುಗಿ ಸೋಲಾಪುರದಾಗ ನೌಕರಿ ಮಾಡತಾಳ ಅಂದೆ. ಮಾಡಲಿ ಬಿಡ್ರಿ ಅಪ್ಪಾ, ಅಂದ ನಿಲೇಶ. ಅಂವ, ಆ ಮಬ್ಬ, ಬಾಯಿ ತುಂಬಾ ನಗಕೋತ ಕೂತಿದ್ದ.

ನನ್ನ ಹತ್ರ ಮತ್ತೇನ ಉಳದಿತ್ತು? ‘ಹುಟ್ಟಿದ ಠಾವಠಿಕಾಣಿ ಇಲ್ಲದಾಕಿ ನಮ್ಮ ಮನಿಗೆ ಬ್ಯಾಡ’ ಅಂದೆ. ಸಿಟ್ಟಿನ್ಯಾಗ ಬಂತು, ಅಂದೆ. ಅಷ್ಟಕ್ಕ ನೀ ಠಿಕಾಣಿ ಹುಡಕ್ಕೋತ ಹೊಂಟ್ಯಾ?

ಮಂಗಳವೇಢೆಗೆ ಹೋಗಿದ್ದಿಯಂತ. ನಿಮ್ಮವ್ವ ಶೀತಲನ ತವರಮನಿ ಅಂತ ಅಲ್ಲಿ ಮೊದಲು. ಅಲ್ಲಿ ನಿನ್ನ ಜನನದ ನೋಂದ ಸಿಗಲಿಲ್ಲ. ಹೋಟಗಿಯಾಗ ಸಿಕ್ಕತಿ. ಸಿಕ್ಕತಿಲ್ಲ? ಅಪ್ಪ ಅಮೋಲ, ಅವ್ವ ಶೀತಲ, ಹುಟ್ಟಿದ ಜಾಗಾ ಹೋಟಗಿ. ಶಿಕ್ಕಾ ಐತಿ, ಸಹಿ ಐತಿ. ಮತ್ತೇನ ಬೇಕು? ಅದನ್ನ ಫ್ರೇಮ್ ಹಾಕ್ಸಿ ಗ್ವಾಡಿಗೆ ಹೊಡಿ. ನಿನ್ನ ಠಿಕಾಣಿ ಅಂದ್ರ ಅದು.

...ಹೋಟಗಿ ಯಾಕ ಅಂದ್ರ?

ಏನ ಪ್ರಶ್ನೆ ಇದು. ಎಲ್ಲೋ ಒಂದ ಕಡೆ ಹುಟ್ಟಬೇಕು.

ಹೌದು, ಚೊಚ್ಚಲ ತವರಾಗ ಆಗತೈತಿ. ನನಗ ಪದ್ಧತಿ ಕಲಿಸಬ್ಯಾಡ. ಅತ್ತಿ ಮನ್ಯಾಗ ಚೊಚ್ಚಲ ಮಾಡಿಸಿಕೊಂಡ ಸೊಸಿ ನಮ್ಮ ಮಂದ್ಯಾಗ ಎಲ್ಲೂ ಸಿಗಾಂಗಿಲ್ಲ, ಒಪ್ಪಿದೆ. ಆದ್ರ ಶೀತಲನ ಅಪ್ಪಗ ಆಗ ಮೈಯಾಗ ಆರಾಮ ಇದ್ದಿಲ್ಲ. ಮನ್ಯಾಗ ಜಡ್ಡಿನ ಮನಶಾನ್ನ ಇಟಗೊಂಡು ಬಾಣಂತಿನ್ನ ಹೆಂಗ ಕರಕೊಳ್ಳೂದು?

ಅಜ್ಜನ್ನ ಕೇಳಿದ್ಯಾ? ಎಂದೂ ಹಾಸಿಗಿ ಹಿಡದಿಲ್ಲಂತಾ? ವಯಸ್ಸಾದವರು, ಏನ ನೆನಪಿರತೈತಿ ಅವರಿಗೆ.

ಮತ್ತ ಎಸ್ಟಿ ಬಸ್ ಬಂದ್ ಇತ್ತು. ಡ್ರೈವರಗೋಳ ಸಂಪ ನಡದಿತ್ತು.

ಹಂಗ ಹುಬ್ಬ ಏರಿಸಬ್ಯಾಡ. ಏಳನೇ ತಿಂಗಳದಿಂದ ಒಂಬತ್ತನೇ ತಿಂಗಳತನಕ ಸಂಪ ಇರಾಂಗಿಲ್ಲ, ನನಗೂ ತಿಳೀತೈತಿ. ಡಾಕ್ಟರ ಹೇಳಿದ್ರು, ಗಾಡಿಯೊಳಗ ಕೂಡಬ್ಯಾಡ್ರಿ ಅಂತ. ಅದಕ್ಕ ಹೋಗಲಿಲ್ಲ. ಆತಾ? ಯಾವ ಡಾಕ್ಟರ? ಯಾವ ಡಾಕ್ಟರ ಅಂದ್ರ ಏನ ಹೇಳ್ಲಿ, ಮನ್ಯಾಗ ಸೂಲಗಿತ್ತಿ ಕಡಿಂದ... ಬಿಡು. ಶೀತಲನ್ನ ಕೇಳು ಹೋಗು, ಹಡದಾಕಿನ್ನ.

ಕೇಳಿದಿ. ಏನ ಅಂದಳು?

ಅತ್ತಳಾ. ಹೆಣ್ಣಮಕ್ಕಳು ಅಳತಾರ.

ನಿಮ್ಮವ್ವಗ ಬಸಿರಿನ ಕುಬಸ ಮಾಡಿದ್ದರ ಫೋಟೋ ಇಲ್ಲ ಅಂದ್ರ ನಾ ಏನ ಮಾಡ್ಲಿ? ಆಗ ಎಲ್ಲಾರ ಕೈಯಾಗ ಈಗಿನಂಗ ಮೊಬೈಲ ಇದ್ದುವಾ?

ಇರಲಿ. ನಿಮ್ಮ ಅವ್ವ ಎಲ್ಲಿ ಹಡದಳು ಅನ್ನೂದು ನಿಮ್ಮ ಮನಿ ಮಾತು. ನನ್ನ ಹೆಸರು ಯಾಕ ಹಾಕಿದಿ ಅರ್ಜಿಯೊಳಗ? ಹೋಟಗಿಗೂ ನನಗೂ ಏನ ಸಂಬಂಧ?

...ಗೊತ್ತೈತಿ. ನೀಲಗಂಗಾನ ತವರು. ನಿಮ್ಮ ಅತ್ತಿ ತವರಮನಿ ಅನ್ನೂದು ನನಗ ನೀ ಹೇಳಬೇಕಾ? ಮದಿವಿ ಮಾಡಿಕೊಂಡ ಬಂದಾಂವ ನಾ. ಹೌದು, ಆಕಿ ಹೆರಿಗಿಗೆ ಅಲ್ಲೇ ಹೋಗತಿದ್ದಳು. ಪದ್ಧತಿನ ಹಂಗೈತಿ, ನೀನ ಹೇಳಿದಿ. ದೊಡ್ಡಾಕಿ ಅಲ್ಲೇ ಹುಟ್ಯಾಳ. ನಿಲೇಶ ಅಲ್ಲೇ ಹುಟ್ಯಾನ. ಹಿತ್ತಲ ಕಡೆ ಇರೂ ಕೋಲಿಯೊಳಗ, ರೈಲ ಹಾದ್ರ ತೊಟ್ಟಲಾ ತಾನ ತೂಗತಿತ್ತು. ಮೂವರದೂ ಬಾಣಂತನ ನಿಮ್ಮ ಅಜ್ಜಿ ಸುಗಲಾಬಾಯಿನ ಮಾಡ್ಯಾಳ...

ಏನು?

ಮೂವರು ಅಂದ್ರ ನಿನ್ನನ್ನೂ ಹಿಡದು ಅಂದ್ನಿ. ಅದ ಮನಿ, ಅದ ಕೋಲಿ, ಅದ ಅಜ್ಜಿ. ಹಿಡೀಬಾರದಾ? ಮಾತ ಮಾತಿಗೆ ಹಿಂಗ ಹಿಡದ್ರ ಮನಶಾ ಹೆಂಗ ಮಾತಾಡಬೇಕು.

ನಮ್ಮವ್ವನ ಹೆಸರ ತೆಗೀಬ್ಯಾಡ. ಆಕಿ ಆಗ ಮೈಂದರ್ಗಿಯಾಗ ನಮ್ಮಣ್ಣನ ಹತ್ರ ಇದ್ದಳು. ಆಕಿಗೇನು ಗೊತ್ತು? ...ಏನು ಗೊತ್ತು ಅಂದ್ರ, ಈ ಮನಿ ತ್ರಾಸ ಏನು ಗೊತ್ತು ಅಂದ್ನಿ.

ಸಾಕು. ನಿನ್ನ ಜೋಡಿ ವಾದ ಮಾಡಾಕ ನನಗ ಪುರಸತ್ತಿಲ್ಲ. ಇದನ್ನ ನೋಡು. ಅರ್ಜಿ ಹಿಂದಕ ತಗೊಂಡೀನಿ ಅಂತ ಬರಸಿ ಇಟ್ಟೀನಿ. ಕೆಳಗ ಸಹಿ ಮಾಡು. ಮಾಡಲಿಲ್ಲಂದ್ರ ನಾ ಹರಕತ ಬರದು ಕೊಡತೀನಿ, ನೀ ಆಫೀಸಿನ ಕಟ್ಟಿ ಹತ್ತಿ ಇಳದು ಮುದುಕಿ ಆಗತಿ. ನಿಮ್ಮಪ್ಪನ ಅಂಗಡಿಗೆ ಜಾಗಾ ಕೊಡಸಿದಾಂವ ನಾ. ಕೊಡಸಿದಾಂವಗ ಬಿಡಸಾಕೂ ಬರತೈತಿ. ಅಮೋಲ ನನ್ನ ಮುಂದ ಎಂದರ ದನಿ ಎತ್ತ್ಯಾನ? ಅವನ ಮಗಳು ನೀ, ಅವನಂಗ ಇರೂದು ಕಲಿ.

ಹಂ. ಪೆನ್ನ ತಗೋ. ಹಿಂಗ ಬಾ ಹಾದಿಗೆ. ಇಲ್ಲೇ, ತಾರೀಖಿನ ಕೆಳಗ.

ಏನು? ಸಹಿ ಮಾಡತೀನಿ, ಆದ್ರ...? ಆದ್ರ ಏನು? ಏನ ಹೂಂ ಅನ್ನಬೇಕು ನಾ?

ಯಾವ ಲಗ್ನಕ್ಕ?

ಇಲ್ಲ.

ಇಲ್ಲ ಅಂದ್ನಲ್ಲ. ಅದೊಂದು ಬಿಟ್ಟು ಬ್ಯಾರೆ ಕೇಳು. ಸೋಲಾಪುರದಾಗ ಮನಿ ಮಾಡಿ ಕೊಡತೀನಿ. ಛಲೋ ಮನೆತನ ನೋಡಿ ನಾನ ನಿಂತು ನಿನ್ನ ಲಗ್ನ ಮಾಡತೀನಿ, ನಿಮ್ಮ ಅತ್ತಿ ಮೈಮ್ಯಾಲಿನ ಬಂಗಾರಾ ಎಲ್ಲಾ ನಿನಗ ಹಾಕಸ್ತೀನಿ. ಆಕಿ ಇವತ್ತ ಅಂದ್ರ ಇವತ್ತ ಕೊಡತಾಳ. ಆಕಿಗೆ ಅಡ್ಡಾದಾಂವ ನಾ. ದೀಪಾವಳಿಗೆ ನೀ ಬಂದ ಹೋದ್ರ ಎರಡು ದಿನಾ ಆಕಿ ಗಂಟಲಾಗ ರೊಟ್ಟಿ ಇಳ್ಯಾಂಗಿಲ್ಲ... ಆ ಮಾತು ಬ್ಯಾಡ. ನಿಲೇಶನ್ನ ಬಿಡು. ಅಷ್ಟ.

ಸಹಿ ಮಾಡಿದ್ರ ಅರ್ಜಿ ಹೋತು, ನನ್ನ ಕುರ್ಚಿ ಉಳೀತು, ಬರೇ ‘ಹೂಂ’ ಅಂದ್ರಾತು ಅಂತಿ. ಕುರ್ಚಿ ಸಲುವಾಗಿ ನಾ ಏನ ಬೇಕಾದ್ದ ಮಾಡತೀನಿ ಅಂತ ತಿಳದಿ. ಮಾಡೀನಿ. ಆದ್ರ ಇದನ್ನ... ಇದನ್ನ ಯಾವ ಮನಶಾ ಮಾಡತಾನ? ಅಂವಾ ನಿನಗ...

ಅಂವಾ ನಿನಗ ಆಗಾಂಗಿಲ್ಲ. ಯಾಕ ಆಗಾಂಗಿಲ್ಲ ಅನ್ನೂದನ್ನ ನನ್ನ ಬಾಯಿಲೆ ಹೇಳಸಬ್ಯಾಡ.

ಹಂಗ ನೋಡಬ್ಯಾಡ. ಏನರ ಬೈದು ಬಿಡು. ಪೆನ್ನಿನ ಟೋಪಿ ಯಾಕ ಹಾಕಿದಿ? ಸಹಿ ಮಾಡಲಿಲ್ಲ ನೀ.

ಎಲ್ಲಿ ಹೊಂಟಿ? ನಿಂದರು. ನಿಲೇಶಗ ಹೇಳತೀಯಾ? ...ಪ್ರಣಿತಾ, ನಾ ಕೇಳಾಕತ್ತೀನಿ. ಅಂಬಾದಾಸಗ ಬೇಕಾದ್ರ ಹೇಳು. ನಿಲೇಶಗ ಹೇಳಬ್ಯಾಡ.

ಹೋಗೂದಾದ್ರ ಹೋಗು. ಆದ್ರ ಯಾವಾಗಲೂ ಹೆಂಗ ಹೋಗತಿದ್ದಿ ಹಂಗ ಹೋಗು. ‘ಬರತೀನಿ ಮಾಮಾ’ ಅಂತ ಅಂದು ಹೋಗು.

ಅನ್ನು.

ಬಾಗಲದಾಗ ನಿಂತು ಹಿಂಗ ನೋಡಬ್ಯಾಡ, ಗಿರಾಕಿ ಬರಾಕತ್ತಾರ. ಸಿಟ್ಟಿಲೆ ಅನ್ನು, ಬೈದು ಅನ್ನು... ಒಂದ ಸಲ ‘ಮಾಮಾ’ ಅಂತ ಅನ್ನು.