ವಂಕಿ ಉಂಗುರ ಸಿಕ್ಕಿತು

ಹಲೋ... ಹಲೋ, ಯಾರು ಮಾತಾಡ್ತಿರೋದು? ಸಿಯಾ ಅಲ್ವಾ?

...

ಹಾಂ ಪುಟ್ಟ, ನಾನು ಭಾನು ಆಂಟಿ. ಕ್ಯಾಂಟನ್‌ನಿಂದ. ಮರೆತುಬಿಟ್ಯಾ? ಜುಲೈ ಪಿಕ್ನಿಕ್‌ನಲ್ಲಿ ನೀನು ಬಿದ್ದಾಗ ಮಂಡಿಗೆ ಬ್ಯಾಂಡೇಜ್ ಹಾಕಿದ್ನಲ್ಲ, ಆ ಆಂಟಿ. ಅಮ್ಮನ್ನ ಕರೀತೀಯಾ?

...

ಮನೇಲಿಲ್ವಾ? ಓ. ಮತ್ತೆ ನಿನ್ನ ಹಿಂದೆ ‘ಇಲ್ಲ ಅಂತ ಹೇಳು, ಇಲ್ಲ ಅಂತ ಹೇಳು’ ಅಂತಿರೋದು ಯಾರು, ಟೀವೀನಾ?

...

ನಗಬೇಡ ಪುಟ್ಟ, ಬೈಸ್ಕೋತೀಯ. ಅಮ್ಮಂಗೆ ಹೇಳು, ಭಾನು ಆಂಟಿ ರಿಂಗ್ ವಿಷಯಕ್ಕೆ ಫೋನ್ ಮಾಡಿದಾರೆ ಅಂತ. ಕಳೆದುಹೋಯ್ತಲ್ಲ, ಅಮ್ಮನ ವಂಕಿ ರಿಂಗ್. ಅಷ್ಟು ಹೇಳು ಸಾಕು, ಬರ್ತಾರೆ.

...

ನಮಸ್ಕಾರ ವೈಜಯಂತಿಯವರೇ. ಮನೆಗೆ ಬೇಗ ಬಂದ್ರಲ್ಲ.

...

ಹಾಂ, ‘ಯವರೇ’ನೇ. ಅಕ್ಕ ಅನ್ನೋದು ಬಿಟ್ಟೆ. ಆವತ್ತು ಅಷ್ಟು ಜನರ ಮುಂದೆ ‘ಭಾನು, ನಿನ್ನ ಬ್ಯಾಗ್ ಒಂದ್ಸಲ ತೆಗೆದು ತೋರಿಸ್ತೀಯಾ’ ಅಂದ್ರಲ್ಲ, ಆಗ ಗಂಟಲಲ್ಲಿ ಸಿಕ್ಕಾಕೊಂಡಿದ್ದು ಅಕ್ಕ ಅನ್ನೋ ಮಾತು, ಇನ್ನೂ ಈಚೆಗೆ ಬಂದಿಲ್ಲ.

...

ಇಲ್ಲ, ಹಳೇದು ಕೆದಕೋಕೆ ಫೋನ್ ಮಾಡಿಲ್ಲ. ಕೆದಕೋದೆಲ್ಲಾ ಮುಗೀತು. ಬಾಯಿಮಾತಿಗೆ ಹೇಳ್ತಿಲ್ಲ, ನೆಲಾನೇ ಕೆದಕಿ ಬಂದಿದೀನಿ. ನಿಮ್ಮ ಉಂಗುರ ಸಿಕ್ಕಿದೆ.

...

ಹೌದು, ಅದೇ. ನೋವೈ ಪಾರ್ಕಲ್ಲೇ, ನಾವು ಪಿಕ್ನಿಕ್ ಮಾಡಿದ ಜಾಗದಲ್ಲೇ.

...

ಹೇಳ್ತೀನಿ, ಎಲ್ಲಾ ಹೇಳ್ತೀನಿ. ಕೂತ್ಕೊಳ್ಳಿ. ನಾನು ಬೇಸಿಗೆ ಪೂರ್ತಿ ಕಾದಿದೀನಿ, ನೀವು ಒಂಚೂರು ಹೊತ್ತು ಕಾಯೋಕಾಗಲ್ವಾ? ಒಂದು ಮಷೀನ್ ತಗೊಂಡೆ. ಮೆಟಲ್ ಡಿಟೆಕ್ಟರ್.

...

ಅಲ್ಲಲ್ಲ, ಏರ್‌ಪೋರ್ಟಲ್ಲಿ ನಿಲ್ಲಿಸಿ ಮೈ ಸುತ್ತ ಆಡಿಸ್ತಾರಲ್ಲ, ಅದರ ಅಣ್ಣ ಇದು. ಉದ್ದ ಕೋಲು, ತುದೀಲೊಂದು ತಟ್ಟೆ, ಕಿವಿಗೆ ಹೆಡ್‌ಫೋನ್. ತಟ್ಟೇನ ನೆಲದ ಮೇಲೆ ಆಡಿಸ್ತಾ ಹೋದ್ರೆ ಕೆಳಗೆ ಏನಿದೆ ಅಂತ ಕೂಗಿ ಹೇಳುತ್ತೆ.

...

ಹಾಂ, ಕೇಳ್ತೀರಿ ಅಂತ ಗೊತ್ತಿತ್ತು. ದುಡ್ಡೆಲ್ಲಿಂದ ಬಂತು ಅಂತ ತಾನೇ? ಸತ್ಯಂಗೆ ಕೆಲಸ ಸಿಕ್ತು, ಅಲ್ಲಿಂದ ಬಂತು. ಆವತ್ತು ನನ್ನ ಗಂಡ ಕೆಲಸ ಇಲ್ಲದೆ ಬೆಂಚ್ ಮೇಲಿದ್ರು ಅಂತಾನೇ ಅಲ್ವಾ, ಅಷ್ಟು ಜನ ಹೆಂಗಸರಿದ್ರೂ ನಿಮ್ಮ ಕಣ್ಣು ನೆಟ್ಟಗೆ ನನ್ನ ಬ್ಯಾಗ್ ಮೇಲೆ ಬಿದ್ದಿದ್ದು? ಸಂಬಳ ಬಂದ ಮೇಲೆ ಸತ್ಯ ಕೇಳಿದ್ರು, ಹುಟ್ಟುಹಬ್ಬಕ್ಕೆ ಏನು ಬೇಕು ಅಂತ. ಸೀರೆ ಬೇಡ, ಸರ ಬೇಡ, ನೆಲ ತಡಕೋ ಮಷೀನ್ ಕೊಡ್ಸಿ ಅಂದೆ. ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು. ಕೊಡಿಸಿದ್ರು.

...

ಇರಿ, ಅವಸರ ಯಾಕೆ? ಲಿವೋನಿಯಾದಲ್ಲೊಂದು ಅಂಗಡಿ. ಅಲ್ಲಿರೋ ಮುದುಕಪ್ಪ ಕೇಳ್ದ, ಏನಮ್ಮಾ ಹುಡುಕ್ತೀಯಾ, ಹಳೇ ನಾಣ್ಯಾನಾ ಅಂತ. ಮಾನ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತ ಹೇಳೋದು? ರಿಂಗ್ ಅಂದೆ. ಕೋಲನ್ನ ಕೈಗೆ ಕೊಟ್ಟು ಅಂಗಡಿ ಹಿಂದೆ ಕರ್ಕೊಂಡು ಹೋಗಿ ಕಲಿಸ್ದ. ನಾನು ಕಸ ಗುಡಿಸೋ ಥರ ತುದಿ ಎತ್ತಿ ಎತ್ತಿ ಬೀಸ್ತಿದ್ದೆ. ಹಾಗಲ್ಲ, ನೆಲಕ್ಕೆ ತಾಗಿಯೂ ತಾಗದ ಹಾಗೆ ಸಮವಾಗಿ ಹೋಗ್ಬೇಕು ಅಂದ. ಆಗ ಅರ್ಥ ಆಯ್ತು. ಇದು ಪೊರಕೆ ಕೆಲಸ ಅಲ್ಲ, ನೆಲ ಒರೆಸೋ ಕೆಲಸ. ಆಮೇಲೆ ಸುಲಭ ಆಯ್ತು.

...

ಉಂಗುರಕ್ಕೇ ಬರ್ತಿದೀನಿ. ಅದು ಮೂರು ಥರ ಕೂಗುತ್ತೆ. ಕಬ್ಬಿಣ ಇದ್ರೆ ದಪ್ಪ ದನಿ. ಬೆಳ್ಳಿ, ತಾಮ್ರ, ಚಿಲ್ಲರೆ ಕಾಸು ಇದ್ರೆ ಕೀಚಲು ದನಿ. ಚಿನ್ನದ ಉಂಗುರ ಆದ್ರೆ ಎರಡಕ್ಕೂ ಮಧ್ಯದ್ದು. ಕರ್ಮ ಏನಂದ್ರೆ, ಸೋಡಾ ಪಾಪ್ ಕ್ಯಾನ್ ಮೇಲೆ ಎಳೆದು ತೆಗೀತೀವಲ್ಲ ಕಿವಿ, ಅದಕ್ಕೂ ಮಧ್ಯದ ದನೀನೇ. ಆ ದನಿ ಬಂದ ಕಡೆಯೆಲ್ಲಾ ಅಗೆದೆ. ಕೀಚಲು ದನಿ ಬಂದ್ರೆ ಯಾರದೋ ಕ್ವಾರ್ಟರ್ ನಾಣ್ಯ ಅಂತ ದಾಟಿ ಹೋದೆ. ಪಾರ್ಕ್ ಆಫೀಸಲ್ಲಿ ಪರ್ಮಿಷನ್ ತಗೊಂಡೇ ಅಗೆದಿದ್ದು, ಅದರ ಯೋಚನೆ ನಿಮಗೆ ಬೇಡ. ಈಗ ನಮ್ಮನೇಲಿ ಒಂದು ಡಬ್ಬಿ ತುಂಬಾ ಕ್ಯಾನಿನ ಕಿವಿ ಇದೆ, ಬೇಕಾದ್ರೆ ಬಂದು ಬ್ಯಾಗ್ ಜೊತೆ ಅದನ್ನೂ ಚೆಕ್ ಮಾಡ್ಕೊಳ್ಳಿ.

...

ಯಾಕೆ ಹೀಗೆ ಮಾತಾಡಬಾರ್ದು? ಇನ್ನೂ ಶುರು ಮಾಡಿಲ್ಲ ನಾನು. ಮೊದಲನೇ ದಿನ ಏನಾಯ್ತು ಗೊತ್ತಾ? ಎಡಕ್ಕೆ ಬೀಸಿದ್ರೂ ಕೀಚಲು, ಬಲಕ್ಕೆ ಬೀಸಿದ್ರೂ ಕೀಚಲು. ಎಲ್ಲಿ ಹೋದ್ರೂ ನನ್ನ ಕಾಲ ಹತ್ರಾನೇ ಕೂಗ್ತಿದೆ. ಮಧ್ಯದ ದನಿ ಕೇಳಿಸೋಕೇ ಬಿಡ್ತಿಲ್ಲ. ಮಷೀನ್ ಕೆಟ್ಟಿದೆ, ವಾಪಸ್ ಕೊಡೋಣ ಅಂತ ಕಾರ್ ಹತ್ರ ಬಂದೆ. ಆಬಿದಾ ಕೇಳಿದ್ಲು, ‘ಶೂ ಒಳಗೆ ಏನು ಹಾಕಿದೀರಾ’ ಅಂತ.

...

ಆಬಿದಾ, ನಮ್ಮ ಪಕ್ಕದ ಮನೆ, ದಾವಣಗೆರೆಯೋರು. ಪಾಪ, ನನ್ನ ಜೊತೆ ದಿನಾ ಬರ್ತಿದ್ಲು. ಹಾಂ, ಶೂ ಒಳಗೆ ಏನಿರುತ್ತೆ? ಕಾಲುಂಗುರ. ಬೆಳ್ಳಿ ಅಲ್ವಾ. ಆ ಮುದುಕಪ್ಪಂಗೆ ನಮ್ಮ ಹೆಂಗಸರ ಕಾಲಲ್ಲಿ ಏನಿರುತ್ತೆ ಅಂತ ಹೇಗೆ ಗೊತ್ತಾಗ್ಬೇಕು? ಕಾರಲ್ಲಿ ಕೂತು, ಬೆರಳಿಗೆ ಸೋಪ್ ಹಚ್ಚಿ, ತಿರುಗಿಸಿ ತಿರುಗಿಸಿ ತೆಗೆದೆ. ಮದುವೆ ದಿನ ಹಾಕಿದ್ದು, ಹೆರಿಗೆಗೆ ಆಸ್ಪತ್ರೇಲೂ ತೆಗೆದಿರಲಿಲ್ಲ. ನಮ್ಮೂರ ಕಡೆ ಹೆಂಗಸರ ಕಾಲುಂಗುರ ಯಾವಾಗ ತೆಗೆಸ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ? ಸತ್ಯ ಗಟ್ಟಿಮುಟ್ಟಾಗಿ ಆಫೀಸಲ್ಲಿ ಕೂತಿದಾರೆ, ನಾನಿಲ್ಲಿ ಬರಿಗಾಲಲ್ಲಿ ಕೂತು ಕಾಲುಂಗುರಾನ ಟಿಶ್ಯೂಲಿ ಸುತ್ತಿ ಇಡ್ತಿದೀನಿ. ಯಾರಿಗೋಸ್ಕರ? ಆವತ್ತು ಅಂದ್ಕೊಂಡೆ, ಇದನ್ನ ನಾನು ಸುಮ್ಮನೆ ಬಿಡಲ್ಲ ಅಂತ.

...

ಸಿಕ್ಕಿದ್ದು ಎಲ್ಲೀ ಅಂದ್ರೆ, ಕೆರೆ ಪಕ್ಕ, ಹುಲ್ಲಲ್ಲಿ. ಆವತ್ತು ಮಂಡಕ್ಕಿ ಕಲೆಸಿದ್ದು ಯಾರು, ನೆನಪಿದೆಯಾ? ನಾನು ಚಮಚ ಕೊಟ್ಟೆ. ‘ಕೈಯಲ್ಲಿ ಕಲೆಸಿದ್ರೇನೇ ರುಚಿ’ ಅಂದ್ರಿ. ಅಂಗೈ ತುಂಬಾ ಎಣ್ಣೆ. ಉಳಿದಿದ್ದನ್ನ ಏನು ಮಾಡಿದ್ರಿ?

...

ಹಾಂ, ಬಾತುಗಳಿಗೆ. ಮುಷ್ಟಿ ಮುಷ್ಟಿ ಎರಚಿದ್ರಿ. ಸಿಯಾ ಕುಣೀತಿದ್ಲು. ಮಂಡಕ್ಕಿ ಜೊತೆ ಉಂಗುರಾನೂ ಎರಚಿದೀರಿ ವೈಜಯಂತಿಯವರೇ. ಬಾತು ಮಂಡಕ್ಕಿ ತಿಂದು ಉಂಗುರ ಬಿಟ್ಟು ಹೋಯ್ತು. ನೀವು ಬಂದು ನನ್ನ ಬ್ಯಾಗ್ ಹಿಡ್ಕೊಂಡ್ರಿ. ಮೇಜಿನ ಮೇಲೆ ಎಲ್ಲಾ ಸುರಿದೆ ನಾನು. ಮಗು ಡಯಾಪರ್, ಬಾಚಣಿಗೆ, ನನ್ನ ಸ್ಯಾನಿಟರಿ ಪ್ಯಾಡು. ಗಂಡಸರೆಲ್ಲಾ ವಾಲಿಬಾಲ್ ನಿಲ್ಲಿಸಿ ನೋಡ್ತಿದ್ರು.

...

‘ಆಗಿದ್ದಾಯ್ತು’ ಅಂತ ನೀವು ಹೇಳೋದು ಬೇಡ. ಆಗಿದ್ದು ನನಗೆ. ವರಮಹಾಲಕ್ಷ್ಮಿಗೆ ಒಬ್ಬರಾದ್ರೂ ಅರಿಶಿನ ಕುಂಕುಮಕ್ಕೆ ಕರೆದ್ರಾ? ದೇವಸ್ಥಾನದಲ್ಲಿ ನಾನು ಪಕ್ಕದಲ್ಲಿ ಕೂತ್ರೆ ಪರ್ಸನ್ನ ಆ ಕಡೆ ತೊಡೆಗೆ ಎಳ್ಕೋತಾರೆ. ಮುಖ ನೋಡಿ ನಗ್ತಾರೆ, ಕೈ ಮಾತ್ರ ಪರ್ಸ್ ಎಳ್ಕೊಳ್ಳುತ್ತೆ.

...

ತಂದುಕೊಡೋದಾ? ಇಲ್ಲ. ನನ್ನ ಹತ್ರ ಎಲ್ಲಿದೆ? ಅಲ್ಲೇ ಇದೆ, ಮಣ್ಣಲ್ಲಿ. ಹುಲ್ಲಿನ ಹೆಂಟೆ ಎತ್ತಿದೆ, ನೋಡಿದೆ, ಆಬಿದಾಗೆ ತೋರಿಸಿದೆ, ಹಾಗೇ ಮುಚ್ಚಿದೆ. ಬೆರಳು ಕೂಡ ತಾಗಿಸಿಲ್ಲ.

...

ಹುಚ್ಚಲ್ಲ, ಬುದ್ಧಿ. ಆ ಕ್ಷಣಕ್ಕೇ ಬಂತು ಬುದ್ಧಿ. ಅಷ್ಟು ದಿನ ಹುಡುಕಿ, ಸಿಕ್ಕಿದ ಸಂತೋಷಕ್ಕೆ ಕೈ ಹಾಕೋಕೆ ಹೋದೆ, ಅಲ್ಲಿಗೇ ನಿಂತೆ. ನಾನು ತಂದು ಕೊಟ್ರೆ ನೀವೇನಂತೀರಿ? ‘ನೋಡಿ, ಅವಳ ಹತ್ರಾನೇ ಇತ್ತು, ಭಯ ಆಗಿ ವಾಪಸ್ ಕೊಟ್ಲು.’ ಹೌದೋ ಅಲ್ವೋ?

...

ಹಾಗಾದ್ರೆ ಹೌದು. ಇನ್ನೊಂದು ವಿಷಯ ಇದೆ. ಅದು ಮಧ್ಯದ ದನೀಲಿ ಕೂಗ್ಲಿಲ್ಲ. ಕೀಚಲು ದನೀಲಿ ಕೂಗ್ತು. ಎಷ್ಟೋ ಸಲ ಕ್ವಾರ್ಟರ್ ಅಂತ ಅದನ್ನ ದಾಟಿ ಹೋಗಿದೀನಿ. ಕೊನೆಗೆ ಆಬಿದಾನೇ ‘ಅಗೀರಿ, ಒಂದು ಪಾಪ್‌ಗಾದ್ರೂ ಚಿಲ್ಲರೆ ಸಿಗ್ಲಿ’ ಅಂದ್ಲು. ಅಗೆದ್ರೆ ವಂಕಿ ಉಂಗುರ. ಹಸಿರಾಗಿದೆ.

...

ಕಲ್ಲಲ್ಲ. ಉಂಗುರಾನೇ ಹಸಿರು. ಪೂಜೆ ತಂಬಿಗೆ ತೊಳೀದೆ ಬಿಟ್ರೆ ಹಿಡಿಯುತ್ತಲ್ಲ ಕಿಲುಬು, ಅದು. ಚಿನ್ನ ಮಣ್ಣಲ್ಲಿ ಎಷ್ಟು ವರ್ಷ ಇದ್ರೂ ಚಿನ್ನಾನೇ ಅಲ್ವಾ? ಒಂದು ಬೇಸಿಗೆಗೆ ಹಸಿರಾಗೋದು ಯಾವುದು? ನಿಮ್ಮತ್ತೆ ತಾಯಮ್ಮನವರು ಧಾರೆ ಮಂಟಪದಲ್ಲಿ ಹಾಕಿದ್ದು, ಮನೆತನದ್ದು, ಅಪ್ಪಟ ಚಿನ್ನ ಅಂತ ಎಲ್ಲರಿಗೂ ಬೆರಳು ತೋರಿಸ್ತಿದ್ರಿ. ತಾಮ್ರ ಅದು. ಮೇಲೆ ಚಿನ್ನದ ನೀರು.

...

ಏನಂದ್ರಿ?

...

ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ.

...

ಓಹೋ. ಚಿನ್ನದ್ದು ನಾನಿಟ್ಕೊಂಡು ತಾಮ್ರದ್ದು ಮಾಡಿಸಿ ಹೂತಿದೀನಾ? ನೋಡಿ, ಈ ಮಾತು ಬರುತ್ತೆ ಅಂತ ಆಬಿದಾ ಹತ್ರ ಆವತ್ತೇ ಹೇಳಿದ್ದೆ. ಉಂಗುರ ಸಡಿಲ ಆಗಿದೆ ಅಂತ ಏನು ಸುತ್ತಿದ್ರಿ ಅದಕ್ಕೆ?

...

ಹೇಳಿ, ಏನು ಸುತ್ತಿದ್ರಿ?

...

ಕೆಂಪು ದಾರ. ಪಿಕ್ನಿಕ್ ದಿನ ಬೆಳಗ್ಗೆ ನಿಮ್ಮ ಕಾರಲ್ಲಿ ಕೂತು, ಹಲ್ಲಲ್ಲಿ ಕಚ್ಚಿ ಗಂಟು ಹಾಕಿದ್ರಿ, ನಾನು ಪಕ್ಕದಲ್ಲೇ ಇದ್ದೆ. ಇನ್ನೂ ಇದೆ ಅದು. ನಿಮ್ಮದೇ ದಾರ, ನಿಮ್ಮದೇ ಗಂಟು, ನಿಮ್ಮದೇ ಹಲ್ಲಿನ ಗುರುತು. ನಾನು ಮಾಡಿಸಿದ್ನಾ ಅದನ್ನೂ?

...

ಹಲೋ? ಇದೀರಾ?

...

ಯಾಕೆ ಪಿಸುಗುಡ್ತಿದೀರಾ? ಗಟ್ಟಿಯಾಗಿ ಹೇಳಿ.

...

ಅತ್ತೆ ಬಂದಿದಾರಾ? ಯಾವಾಗ ಬಂದ್ರು? ಪಕ್ಕದ ರೂಮಲ್ಲೇ ಇದಾರಾ?

...

ಹಾಗಾದ್ರೆ ಅದು ತಾಮ್ರ ಅಂತ ನಿಮಗೂ ಗೊತ್ತಿರಲಿಲ್ಲ. ನಾನು ಗೊತ್ತಿತ್ತು ಅಂದ್ಕೊಂಡಿದ್ದೆ. ಗೊತ್ತಿದ್ದೇ ಯಾರೂ ಹುಡುಕಬಾರ್ದು ಅಂತ ನನ್ನ ಮೇಲೆ ಹಾಕಿದ್ರಿ ಅಂದ್ಕೊಂಡಿದ್ದೆ.

...

ಅಳ್ತಿದೀರಾ?

...

ಅಳಿ. ನಾನೂ ಅತ್ತಿದೀನಿ. ಪಾರ್ಕಿನ ರೆಸ್ಟ್‌ರೂಮಲ್ಲಿ, ಕೈ ಒಣಗಿಸೋ ಮಷೀನ್ ಒತ್ತಿ ಒತ್ತಿ ಅತ್ತೆ, ಹೊರಗೆ ನಿಂತಿರೋರಿಗೆ ಕೇಳಿಸಬಾರ್ದು ಅಂತ. ನಿಜ ಹೇಳ್ಬೇಕು ಅಂದ್ರೆ, ಈಗ ನಿಮ್ಮ ದನಿ ಕೇಳಿ ಒಂದು ಕ್ಷಣ ಅಯ್ಯೋ ಅನ್ನಿಸ್ತು. ಆದ್ರೆ ನಿಮ್ಮ ಮಾತು ಕಿವೀಲಿದೆ, ತಾಮ್ರದ್ದು ಮಾಡಿಸಿ ಹೂತಿದೀಯಾ ಅಂತ. ಈಗ ತಾನೇ ಅಂದಿದ್ದು, ಇನ್ನೂ ಬಿಸಿ ಇದೆ.

...

ಮನೇಲೇ ಇತ್ತು, ಸಿಕ್ತು ಅಂತ ಎಲ್ಲರಿಗೂ ಫೋನ್ ಮಾಡಿ ಹೇಳ್ತೀರಾ? ಅಂದ್ರೆ ನಿಮ್ಮದು ಬರೀ ಮರೆವು. ಯಾರೂ ಯಾರಿಗೂ ಸಾರಿ ಕೇಳಬೇಕಾಗಿಲ್ಲ. ಬೇಡ.

...

ಹಾಂ? ಗುಟ್ಟಾಗಿ ಅಗೆದು ತಂದು ಕೈಗೆ ಕೊಟ್ಟುಬಿಡ್ಬೇಕಾ? ಯಾರಿಗೂ ಕಾಣದ ಹಾಗೆ? ಬ್ಯಾಗಲ್ಲಿ ಹಾಕ್ಕೊಂಡು ಬರ್ಲಾ ವೈಜಯಂತಿಯವರೇ? ಅದೇ ಬ್ಯಾಗಲ್ಲಾ?

...

ಭಾನುವಾರ ಬನ್ನಿ ಪಾರ್ಕಿಗೆ, ಬೆಳಗ್ಗೆ. ಆವತ್ತು ಮೇಜಿನ ಸುತ್ತ ನಿಂತಿದ್ದೋರಿಗೆಲ್ಲಾ ನಾನೇ ಫೋನ್ ಮಾಡಿದೀನಿ. ಉಂಗುರ ಇರೋ ಜಾಗ ಗೊತ್ತಾಗಿದೆ, ವೈಜಯಂತಿಯವರೇ ಬಂದು ತೆಗೀತಾರೆ ಅಂತ ಅಷ್ಟೇ ಹೇಳಿದೀನಿ. ಬಣ್ಣ ಹೇಳಿಲ್ಲ. ಎಲ್ಲರೂ ಬರ್ತೀನಿ ಅಂದ್ರು. ನಿಮ್ಮ ಯಜಮಾನ್ರು ಉಪೇಂದ್ರ ಅವರನ್ನೂ ಕರ್ಕೊಂಡು ಬನ್ನಿ. ತಾಯಮ್ಮನವರಿಗೆ ಒಂದು ಮಡಚೋ ಕುರ್ಚಿ ತನ್ನಿ, ಪಾಪ, ವಯಸ್ಸಾದೋರು, ಕೂತು ನೋಡ್ಲಿ.

...

ಬರಲ್ವಾ? ಬೇಡ. ಬರದಿದ್ರೆ ಪಾರ್ಕಿನೋರ ಕೈಲಿ ಅಗೆಸಿ ಅವರೆಲ್ಲರ ಮುಂದೆ ಇಡಿಸ್ತೀನಿ. ಆ ಹಸಿರು ನಾನು ಹೇಳದಿದ್ರೂ ಕಾಣುತ್ತೆ. ಬಂದ್ರೆ ಮಾತ್ರ ನಿಮ್ಮ ಕೈಗೆ ಸಿಗುತ್ತೆ. ಮುಷ್ಟೀಲಿ ಮುಚ್ಕೋತೀರೋ, ತೋರಿಸ್ತೀರೋ, ನಿಮ್ಮಿಷ್ಟ. ಮುಚ್ಕೊಳ್ಳೋಕೆ ಮುಂಚೆ ‘ಭಾನು ತಗೊಂಡಿರಲಿಲ್ಲ, ತಪ್ಪು ನಂದು’ ಅಂತ ಹೇಳ್ಬೇಕು. ಅಷ್ಟೂ ಜನಕ್ಕೆ ಕೇಳೋ ಹಾಗೆ.

...

ಒಬ್ಬರೇ ಮುಂಚೆ ಹೋಗ್ತೀರಾ? ಹೋಗಿ. ಆ ಕೆರೆ ಸುತ್ತ ಹುಲ್ಲು ಎಷ್ಟಿದೆ ಅಂತ ನೋಡಿದೀರಲ್ಲ. ನಾನು ಮುಚ್ಚಿದ ಜಾಗ ನನಗೇ ಕಣ್ಣಿಗೆ ಕಾಣಲ್ಲ, ಹಾಗೆ ಮುಚ್ಚೋದು ಕಲ್ತಿದೀನಿ.

...

ಯಾವ ಮರದ ಹತ್ರ ಅಂತ ನಾನು ಹೇಳಲ್ಲ. ಭಾನುವಾರ ಮಷೀನ್ ಕೊಡ್ತೀನಿ, ಹೆಡ್‌ಫೋನ್ ನಿಮ್ಮ ಕಿವಿಗೇ ಹಾಕ್ತೀನಿ. ನೀವೇ ಬೀಸಿ, ನೀವೇ ಕೇಳಿ, ಮಂಡಿ ಊರಿ ನೀವೇ ಅಗೀರಿ. ನನ್ನ ಕೈ ಅದಕ್ಕೆ ತಾಗಲ್ಲ.

...

ಇಲ್ಲ. ಅಕ್ಕ ಅಂತ ಕರಿ ಅಂದ್ರೆ ಕರೆಯೋಕಾಗಲ್ಲ. ಭಾನುವಾರ ಆದ್ಮೇಲೆ ನೋಡೋಣ.

...

ಅಂದಹಾಗೆ, ಒಂದು ಮರೆತಿದ್ದೆ. ಬರೋವಾಗ ಕಾಲುಂಗುರ ತೆಗೆದಿಟ್ಟು ಬನ್ನಿ.

...

ಕೇಳಿಸ್ತಲ್ಲ. ಸೋಪ್ ಹಚ್ಚಿದ್ರೆ ಬರುತ್ತೆ. ತೆಗೀದೇ ಬಂದ್ರೆ ಎಲ್ಲಿ ನಿಂತ್ರೂ, ಯಾವ ಕಡೆ ಬೀಸಿದ್ರೂ, ಅಷ್ಟು ಜನರ ಮುಂದೆ ಅದು ನಿಮ್ಮನ್ನೇ ತೋರಿಸಿ ಕೂಗ್ತಿರುತ್ತೆ. ನಾನಾದ್ರೂ ಆವತ್ತು ಕಾರಲ್ಲಿ ಬಾಗಿಲು ಹಾಕ್ಕೊಂಡು... ಹಲೋ?

...

ಹಲೋ... ವೈಜಯಂತಿಯವರೇ... ಹಲೋ...