ಯುಮ್ಮಾನ ಕೊರಳಾಗಿನ ಕೀಲಿ

...ಅಲ್ಲ, ಬೀಗ ಒಡೀಬೇಕಂದಿದ್ರ ಒಡೀಬಹುದಿತ್ತು, ಕಲ್ಲು ಕೈಯಾಗ ಇತ್ತು. ಆದ್ರ ನಾನೇನ್ ಕಳ್ಳಿ? ಮೊದಲ ಆ ಫೋನ್ ಕೆಳಗಿಡ್ರಿ, ಹೇಳಾಕತ್ತೀನಿ. ಆಗ ನಾನು ಕುವೈತಿನಾಗ ಇದ್ದೆ, ಆ ದೇಶದ ರಾಜಧಾನಿಯಾಗ, ಮನಿಗೆಲಸಕ್ಕ. ನಿಮ್ಮಜ್ಜ ತೀರಿಕೊಂಡಿದ್ದ, ನಾನು ಗಂಗಾವತಿ ರೈಸ್‌ಮಿಲ್ಲಿನಾಗ ನುಚ್ಚು ಹಸನ ಮಾಡತಿದ್ದೆ. ಬಾಜೂಮನಿ ಖಾಜಾಬಿ ಅಲ್ಲಿ ದುಡದು ಬಂದಾಕಿ, "ನೀನೂ ಹೋಗ ಯಕ್ಕಾ, ಯಾರ ಮುಂದೂ ಕೈ ಚಾಚೂದು ಬ್ಯಾಡ" ಅಂದ್ಲು. ನಿಮ್ಮವ್ವ ಎರಡು ವರ್ಷದ ಕೂಸು. ತವರೂರು ತಳಕಲ್ಲಿನಾಗ ನಮ್ಮವ್ವನ ಮಡಿಲಾಗ ಹಾಕಿ ಹೋದೆ. ಹಿಂದ ತಿರುಗಿ ನೋಡಲಿಲ್ಲ. ಸುಳ್ಯಾಕ ಹೇಳಲಿ, ನೋಡಿದೆ.

ಎಂಥಾ ಊರಂತೀರಿ ಅದು! ಅಂಗಡಿ ಅಂದ್ರ ಅರಮನಿ ಇದ್ದಂಗ, ಕಾರಂದ್ರ ನಮ್ಮಲ್ಲಿ ಎಮ್ಮಿ ಇದ್ದಂಗ, ಮನಿಗೆ ಮೂರು ನಾಕು. ನಾಗರಪಂಚಮಿ ಆಗಿ ವಾರ ಆಗಿತ್ತು ನೋಡ್ರಿ, ನಸುಕಿನ್ಯಾಗ ಗುಡುಗಿದಂಗ ಆತು. ಮಳಿ ಬಂತು ಅಂತ ಒಣಹಾಕಿದ್ದ ಅರಿವಿ ತಗಿಯಾಕ ಮಾಳಗಿ ಮ್ಯಾಲ ಓಡಿದೆ. ಶಾಣ್ಯಾಕಿ ನಾನು! ಆ ಬಿಸಲ ಊರಾಗ ಎಲ್ಲೀ ಮಳಿ? ಇರಾಕಿನ ಸೈನ್ಯ ಬಂದಿತ್ತು. ಒಂದ ವಾರದಾಗ ಊರು ಗುರುತು ಸಿಗಲಿಲ್ಲ. ಫೋನಿಲ್ಲ, ಅಂಗಡಿ ಇಲ್ಲ, ಬೇಕರಿ ಕೆಲಸದವರು ತಮ್ಮ ದೇಶಕ್ಕ ಓಡಿಹೋದ್ರು. ಕಸ ಎತ್ತವರಿಲ್ಲ. ಆಮ್ಯಾಲ ನೋಡ್ರಿ, ಉದ್ದಾನ ಕಾರಿನ್ಯಾಗ ಅಡ್ಡಾಡೋ ಮಂದಿನ ಅಂಗಿ ತೋಳು ಮಡಚಿ ಕಸ ಎತ್ತಿದ್ರು, ಬೇಕರಿಯಾಗ ಹಿಟ್ಟು ನಾದಿದ್ರು! ಬ್ರೆಡ್ಡಿನ ಪಾಳ್ಯಾಗ ನನ್ನ ಹಿಂದ ಸಾಹುಕಾರ್ತಿ, ಆಕಿ ಹಿಂದ ಆಕಿ ಮನಿ ಕೆಲಸದಾಕಿ. ಅದನ್ನ ನೋಡಿ ನನಗ ಒಳಗ ಭಾಳ ಸಮಾಧಾನ ಆತು, ಯಾಕಂತ ಕೇಳಬ್ಯಾಡ್ರಿ.

ಹಾಂ, ಎಲ್ಲಿದ್ದೆ? ಮನಿ ಮಾಲಕರು ಹುಡುಗ್ರನ್ನ ಕರಕೊಂಡು ಸಾಲಿ ಸೂಟಿಗೆ ಪರದೇಶಕ್ಕ ಹೋಗಿದ್ರು. ಗಡಿ ಮುಚ್ಚಿತು. ಅವರು ಅಲ್ಲೇ, ನಾವಿಬ್ರು ಇಲ್ಲೇ. ಇಬ್ರು ಅಂದ್ರ ನಾನು, ಮತ್ತ ಮಾಲಕನ ತಾಯಿ. ಆಕಿನ್ನ ಎಲ್ಲಾರೂ ಯುಮ್ಮಾ ಅಂತಿದ್ರು, ಅಂದ್ರ ಅವ್ವ. ಒಂದ ಹಲ್ಲಿಲ್ಲ, ಬಾಯಿ ಮಾತ್ರ ಕುಡಗೋಲು. ಮಾಲಕರು ಇಸಗೊಂಡಿದ್ದ ನನ್ನ ಪಾಸ್‌ಪೋರ್ಟು ಕಬ್ಬಿಣದ ಕಪಾಟಿನ್ಯಾಗ, ಕಪಾಟಿನ ಕೀಲಿ ಯುಮ್ಮಾನ ಕೊರಳಾಗ, ಕರೇ ದಾರದಾಗ.

ಎದುರುಮನಿ ಡ್ರೈವರ್ ಸುಬ್ಬಣ್ಣ, ಕಡಪಾದಾಂವ, ಬಂದು ಹೇಳಿದ. ತೆಲುಗು ನನಗ ಬರತಿತ್ತಲ್ಲ, ಮಿಲ್ಲಿನಾಗ ಕಲತದ್ದು. "ಅಕ್ಕಾ, ನಮ್ಮ ಮಂದಿಗೆ ಬಸ್ ಹೊಂಟಾವ, ಜೋರ್ಡಾನಿನ ತನಕ. ಅಲ್ಲಿಂದ ವಿಮಾನ. ನಿನ್ನ ಹೆಸರೂ ಬರಿಸೀನಿ. ಶುಕ್ರವಾರ ಮುಂಜಾನೆ." ನಾನು ಯುಮ್ಮಾನ ಮುಂದ ಕುಂತು ಅರೆಬರೆ ಅರಬ್ಬಿಯಾಗ, "ಕೀಲಿ ಕೊಡು ಯುಮ್ಮಾ, ಊರಾಗ ನನ್ನ ಕೂಸೈತಿ" ಅಂದೆ. ಆಕಿ ಕೀಲಿ ಮುಷ್ಟ್ಯಾಗ ಹಿಡಕೊಂಡ್ಲು. "ಕೊಡಂಗಿಲ್ಲ. ಕೊಟ್ರ ನೀ ಹೋಗ್ತಿ. ನಾ ಒಬ್ಬಾಕಿ ಈ ಮನ್ಯಾಗ ಹಸದು ಸಾಯಲೇನು?" ಸುಬ್ಬಣ್ಣ ಬಾಗಲ್ದಾಗ ನಿಂತು, "ಬೀಗಾ ಒಡಿ ಅಕ್ಕಾ, ಯುದ್ಧದಾಗ ಎಂಥಾ ನ್ಯಾಯ!" ಅಂದ. ಬಳ್ಳೊಳ್ಳಿ ಜಜ್ಜೂ ಕಲ್ಲು ತಗೊಂಡು ಕಪಾಟಿನ ಮುಂದ ನಿಂತೆ. ಹಿಂದ ಮುದುಕಿ ಕೀಲಿ ಎದಿಗೆ ಅವಚಿಕೊಂಡು ಕುಂತಿದ್ಲು. ಒಂದ ಮಾತು ಬೈಯಲಿಲ್ಲ ಆಕಿ. ಬೈದಿದ್ರ ಒಡೀತಿದ್ದೆ. ಕಲ್ಲು ಕೆಳಗಿಟ್ಟೆ.

ಆಗ ನನಗ ಪಂಚಮಿ ನೆನಪಾತು. ರೊಟ್ಟಿಪಂಚಮಿ ಬಂತಂದ್ರ ನಮ್ಮವ್ವ ಖಡಕ್ ರೊಟ್ಟಿ ಬಡದು ಬುಟ್ಟಿ ತುಂಬತಿದ್ಲು, ಓಣಿಗೆಲ್ಲಾ ಹಂಚಿದ ಮ್ಯಾಲೂ ತಿಂಗಳಗಟ್ಲೆ ಕೆಡತಿದ್ದಿಲ್ಲ. ಅಲ್ಲಿ ಜ್ವಾಳ ಎಲ್ಲಿಂದ ಬರಬೇಕು, ಉಗ್ರಾಣದಾಗ ಇದ್ದದ್ದು ಗೋಧಿಹಿಟ್ಟು. ಅದನ್ನ ಕಾಗದದಂಗ ತೆಳ್ಳಗ ಲಟ್ಟಿಸಿ, ಬೇಯಿಸಿ, ಮಾಳಗಿ ಮ್ಯಾಲ ಬಿಳೇ ಅರಿವಿ ಹಾಸಿ ಹರವಿದೆ. ಆ ಊರ ಬಿಸಲಿಗೆ ತಾಸಿನ್ಯಾಗ ಕಟಕಟ! ಮೂರು ದಿನ ಅದ ಕೆಲಸ. ಬಾಜೂಮನಿ ಟೀಚರಮ್ಮ, ಮನ್ಯಾಗ ಒಬ್ಬಾಕಿನ ಇದ್ದಾಕಿ, ಗ್ವಾಡಿ ಮ್ಯಾಲಿಂದ ಇಣುಕಿ, "ಛಾವಣಿಗೆ ಹಂಚು ಮಾಡತೀಯೇನು?" ಅಂತ ನಕ್ಕಳು. ಆಕಿಗೂ ಒಂದು ಥಪ್ಪಿ ಕೊಟ್ಟೆ. "ನಾ ಹೋದ ಮ್ಯಾಲ ಯುಮ್ಮಾನ ಜೋಡಿ ಇರತೀರೇನ್ರಿ?" ಅಂತ ಕೇಳಿದೆ. ಆಕಿ, "ನನಗೂ ಒಬ್ಬಾಕಿಗೆ ಹೆದರಿಕಿ" ಅಂತ ಅವತ್ತ ಹಾಸಿಗಿ ಸುತಗೊಂಡು ಬಂದಬಿಟ್ಲು.

ಗುರುವಾರ ಬುಟ್ಟಿ ಒಯ್ದು ಯುಮ್ಮಾನ ಮುಂದಿಟ್ಟೆ. ಒಂದು ರೊಟ್ಟಿ ಬೆರಳಿಲೆ ಬಡದು ನೋಡಿದ್ಲು, ಟಣ್ ಅಂತು. "ಹಲ್ಲಿಲ್ಲದಾಕಿಗೆ ಇದನ್ನ ಕೊಡತೀಯಾ, ಹುಚ್ಚಿ!" ಖರೇನ ನೋಡ್ರಿ, ಮೂರು ದಿನ ಮೈ ಸುಟಗೊಂಡು ಮಾಡೀನಿ, ಹಲ್ಲಿನ ನೆನಪ ಆಗಿಲ್ಲ ನನಗ! ಚಹಾದಾಗ ಮುರದು ಹಾಕಿ ಕೊಟ್ಟೆ. ಒಂದು ತಿಂದ್ಲು, ಇನ್ನೊಂದು ತಿಂದ್ಲು. "ಎಷ್ಟು ದಿನ ಇರತಾವ ಇವು?" "ತಿಂಗಳು ದಾಟಿ ಇರತಾವ, ಯುಮ್ಮಾ." ಬುಟ್ಟಿ ನೋಡಿದ್ಲು, ಬಾಗಲ್ದಾಗ ನಿಂತ ಟೀಚರಮ್ಮನ್ನ ನೋಡಿದ್ಲು, ನನ್ನ ಸುಟ್ಟ ಕೈ ನೋಡಿದ್ಲು. ಕೀಲಿ ನನ್ನ ಕೈಗೆ ಕೊಡಲಿಲ್ಲ ಬಿಡ್ರಿ, ಅಷ್ಟು ಸೊಕ್ಕು! ತಾನ ಗ್ವಾಡಿ ಹಿಡಕೊಂಡು ಎದ್ದು ಹೋಗಿ, ತಾನ ಬೀಗ ತಗದು, ಪಾಸ್‌ಪೋರ್ಟು ನನ್ನ ಉಡಿಯಾಗ ಹಾಕಿ, ಅದರ ಮ್ಯಾಲ ಎರಡು ರೊಟ್ಟಿ ಇಟ್ಲು. "ದಾರಿಗೆ" ಅಂದ್ಲು.

ಬಸ್ ಗಡಿಗೆ ಮುಟ್ಟಿದಾಗ ಒಬ್ಬ ಸಿಪಾಯಿ ಪಾಸ್‌ಪೋರ್ಟ್ ತಗದು, ನಿನ್ನ ಹೆಸರು ಎಲ್ಲೈತಿ ತೋರಸು ಅಂದ. ಓದಾಕ ಎಲ್ಲಿ ಬರತಿತ್ತು ನನಗ! ಅವತ್ತಿನ ಅವಮಾನಕ್ಕ, ಮುಂದ ನಿಮ್ಮವ್ವ ಸಾಲಿಗೆ ಹೋಗೂ ಮುಂದ ಆಕಿ ಒಂದನೇತ್ತೆ ಪುಸ್ತಕ ತಗೊಂಡು ಅಕ್ಷರ ಕಲತೆ, ಯಾರೂ ಕಲಿಸಲಿಲ್ಲ, ನಾನ ಕಲತೆ. ಮೂರು ವರ್ಷದ ಮ್ಯಾಲ ತಳಕಲ್ಲಿಗೆ ಬಂದ್ರ ನಿಮ್ಮವ್ವ ನನ್ನ ಗುರುತು ಹಿಡೀಲಿಲ್ಲ, ನಮ್ಮವ್ವನ ಸೀರಿ ಹಿಂದ ಅಡಗಿದ್ಲು. ನಾನು ಎಳದು ಅಪಗೊಳ್ಳಲಿಲ್ಲ. ಗಂಟು ಬಿಚ್ಚಿ ಉಳದಿದ್ದ ರೊಟ್ಟಿ ಚೂರು ಅಂಗೈಯಾಗ ಹಿಡಕೊಂಡು ಕುಂತೆ. ಭಾಳ ಹೊತ್ತಿಗೆ ಬಂದು ತಾನ ಇಸಗೊಂಡ್ಲು. ಯುಮ್ಮಾ? ಯುದ್ಧ ಮುಗದು ಮಗ ಬಂದಾಗ ಗಟ್ಟಿ ಇದ್ಲಂತ, ಆ ಹಂಚು ಮಾಡಾಕಿ ಎಲ್ಲಿ ಅಂತ ಕೇಳಿದ್ಲಂತ, ಮತ್ತ ದುಡಿಯಾಕ ಅಲ್ಲಿಗೆ ಹೋದ ಸುಬ್ಬಣ್ಣ ಕನ್ನಡದಾಗ ಕಾಗದ ಬರಿಸಿ ಕಳಿಸಿದ್ದ. ಓದಿದಾಕಿ ನಾನ.

ಅದಕ್ಕ ಹೇಳೂದು, ಕೀಲಿ ಬಿಗಿಹಿಡದವರ ಕೈ ತಿರುವಬ್ಯಾಡ್ರಿ, ಮೊದಲ ಅವರ ಬುಟ್ಟ್ಯಾಗ ರೊಟ್ಟಿ ಐತೇನು ನೋಡ್ರಿ. ಏಳ್ರಿ ಈಗ, ನಿಮ್ಮವ್ವ ರೊಟ್ಟಿ ಬಡ್ಯಾಕತ್ತಾಳ, ಬಿಸೀವು ಆರಿ ಹೊಕ್ಕಾವ.